ಒಬ್ಬ ಹುಡುಗಿ, ನಾಲ್ಕು ಹೊಟ್ಟೆ: ಸಕಲೇಶಪುರದಲ್ಲಿ ಬಸುರಿನ ಹಾಸ್ಯಚಿತ್ರ ಮಾಡಿದ ಬಗೆ

ಹದಿಹರೆಯದ ಹುಡುಗಿಯ ಬಸುರಿನ ಮೇಲೆ ನಗೆಚಿತ್ರ ಮಾಡುತ್ತಿದ್ದೇವೆ ಎಂದರೆ ಹಾಸನದಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, ‘ಅದ್ರಲ್ಲಿ ನಗೋಕೇನಿದೆ?’ ಇನ್ನೊಂದು ಸಿನಿಮಾ ಹುಚ್ಚಿನವರದು: ‘ಜುನೋ ಥರಾನಾ?’ ಎರಡನೆಯದಕ್ಕೆ ಉತ್ತರ ಹೇಳುತ್ತ ಹೋದರೆ ಮೊದಲನೆಯದಕ್ಕೂ ಉತ್ತರ ಸಿಕ್ಕೇ ಸಿಗುತ್ತದೆ.

ಜೇಸನ್ ರೈಟ್‌ಮನ್ ನಿರ್ದೇಶಿಸಿ ಡಯಾಬ್ಲೊ ಕೋಡಿ ಬರೆದ ‘ಜುನೋ’ ಬಂದದ್ದು 2007ರಲ್ಲಿ. 96 ನಿಮಿಷದ ಚಿತ್ರ, ಮರುವರ್ಷ ಚಿತ್ರಕಥೆಗೆ ಆಸ್ಕರ್. ಕಥೆ ನಡೆಯುವುದು ಅಮೆರಿಕದ ಮಿನೆಸೋಟದಲ್ಲಿ, ಋತುವಿಗೊಂದು ಅಧ್ಯಾಯದಂತೆ. ಹದಿನಾರರ ಹುಡುಗಿ ಜಾಹೀರಾತಿನ ಹಾಳೆಯಲ್ಲಿ ಮಗು ಬೇಕಾದ ಗಂಡ ಹೆಂಡತಿಯನ್ನು ಹುಡುಕಿ, ಅವರ ಮನೆಗೇ ಹೋಗಿ, ವಕೀಲರನ್ನು ಕೂರಿಸಿಕೊಂಡು ಮಾತು ಮುಗಿಸುತ್ತಾಳೆ. ಚಿತ್ರದ ಅರ್ಧ ಸೊಗಸು ಆ ಮನೆಗೆ ಅವಳು ಮತ್ತೆ ಮತ್ತೆ ಹೋಗುವುದರಲ್ಲಿದೆ. ಅದೇ ಭಾಗ ನಮ್ಮ ನೆಲದಲ್ಲಿ ಬೇರು ಬಿಡುವುದಿಲ್ಲ. ಅದನ್ನು ಹಾಗೇ ಎತ್ತಿ ಸಕಲೇಶಪುರದಲ್ಲಿ ನೆಟ್ಟರೆ ಪ್ರೇಕ್ಷಕ ನಗುವ ಮೊದಲು ಪೊಲೀಸರು ಬರಬೇಕಾಗುತ್ತದೆ.

ಮೊದಲು ವಯಸ್ಸಿನ ಮಾತು. ಹುಡುಗಿಗೆ ಹದಿನೆಂಟು ತುಂಬಿಲ್ಲ ಎಂದರೆ 2012ರ ಪೋಕ್ಸೊ ಕಾಯ್ದೆ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾನೂನು) ಅನ್ವಯ. ಇಬ್ಬರಿಗೂ ಮನಸ್ಸಿತ್ತು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸೆಕ್ಷನ್ 19ರ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು, ಮಾಡದಿದ್ದರೆ ಸೆಕ್ಷನ್ 21ರಲ್ಲಿ ಶಿಕ್ಷೆ ಇದೆ. ಅಂದರೆ ಗೆಳತಿ, ಅಮ್ಮ, ಡಾಕ್ಟರು, ಗುಟ್ಟು ಗೊತ್ತಾದ ಪ್ರತಿ ಪಾತ್ರವೂ ಒಂದೋ ಠಾಣೆಗೆ ಹೋಗಬೇಕು, ಇಲ್ಲವೇ ಸ್ವತಃ ತಪ್ಪಿತಸ್ಥರಾಗಬೇಕು. ಹುಡುಗ ನೇರ ಆರೋಪಿ. ಅದು ಬೇರೆಯೇ ಸಿನಿಮಾ, ಅದಕ್ಕೆ ಬೇರೆಯೇ ಗಾಂಭೀರ್ಯ ಬೇಕು. ಹಾಗಾಗಿ ನಾಯಕಿಗೆ ಹತ್ತೊಂಬತ್ತು ಮಾಡಿದೆವು: ಡಿಗ್ರಿ ಎರಡನೇ ವರ್ಷ. ಹುಡುಗನಿಗೆ ಇಪ್ಪತ್ತು. ಹತ್ತೊಂಬತ್ತೂ ಹದಿಹರೆಯವೇ, ಆದರೆ ಕಾನೂನಿನ ಕಣ್ಣಲ್ಲಿ ದೊಡ್ಡವಳು. ಇದನ್ನು ಚಿತ್ರದ ಮೊದಲ ಹತ್ತು ನಿಮಿಷದೊಳಗೆ ಬಾಯಿ ಬಿಟ್ಟು ಹೇಳಿಸಬೇಕು. ನಮ್ಮಲ್ಲಿ ಅದು ಮತದಾರರ ಪಟ್ಟಿಯ ದೃಶ್ಯ: ಓಟು ಹಾಕಲು ಬಂದವಳ ಹೆಸರು ಪಟ್ಟಿಯಲ್ಲಿದೆ, ಫೋಟೊ ಮಾತ್ರ ಅವಳ ಅಜ್ಜಿಯದು. ನಟಿಗೂ ಹದಿನೆಂಟು ದಾಟಿರಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಕಡತದಲ್ಲಿರಬೇಕು.

ಎರಡನೆಯದು ಆಸ್ಪತ್ರೆಯ ದೃಶ್ಯ. ಹಳೆಯ ಕನ್ನಡ ಚಿತ್ರಗಳಲ್ಲಿ ಡಾಕ್ಟರು ಕನ್ನಡಕ ತೆಗೆದು ‘ತುಂಬಾ ತಡವಾಗಿದೆ’ ಎನ್ನುತ್ತಿದ್ದರು. ಈಗ ಹಾಗೆ ಬರೆದರೆ ಸುಳ್ಳು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರಕ್ಕೆ ನಿಗದಿತ ಗುಂಪಿನವರಿಗೆ ಇಬ್ಬರದು. ಆ ಗುಂಪಿನಲ್ಲಿ ಮದುವೆಯಾಗದವರೂ ಸೇರುತ್ತಾರೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹದಿನೆಂಟು ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು, ಅಪ್ಪನ ಸಹಿ ಬೇಡ. ಹೆಸರು ಹೊರಗೆ ಬಿಡುವಂತಿಲ್ಲ. ಆದ್ದರಿಂದ ನಮ್ಮ ಡಾಕ್ಟರು ತೆಗೆಸುವುದು, ಹೆತ್ತು ಸಾಕುವುದು, ಹೆತ್ತು ದತ್ತು ಕೊಡುವುದು ಎಂಬ ಮೂರೂ ದಾರಿಯನ್ನು ಒಂದು ನಿಮಿಷದಲ್ಲಿ, ಬಸ್ಸಿನ ವೇಳಾಪಟ್ಟಿ ಓದಿದ ಧಾಟಿಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಹುಡುಗಿ ಬಸುರನ್ನು ಉಳಿಸಿಕೊಳ್ಳುವುದು ಅವಳ ಆಯ್ಕೆ, ಅದಕ್ಕೆ ಅವಳೇ ಒಂದು ವಾಕ್ಯದ ಕಾರಣ ಕೊಡುತ್ತಾಳೆ. ಆ ವಾಕ್ಯ ಇಲ್ಲದೆ ಹೋದರೆ ಕಾನೂನು ಬಿಡಲಿಲ್ಲ ಎಂದು ಪ್ರೇಕ್ಷಕ ತಿಳಿಯುತ್ತಾನೆ. ಅಲ್ಲಿಂದ ಮುಂದೆ ನಾಯಕಿ ಅಯ್ಯೋಪಾಪದ ಹುಡುಗಿಯಾಗಿಬಿಡುತ್ತಾಳೆ, ನಗೆ ಸತ್ತಿತು.

ಮೂರನೆಯದು ದತ್ತು. ಮಗುವನ್ನು ಅಪರಿಚಿತರಿಗೆ ಸೇರಿಸುವ ದಾರಿ ನಮ್ಮಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ. ತಾಯಿ ಸಮಿತಿಯ ಮುಂದೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತಾಳೆ, ಮನಸ್ಸು ಬದಲಿಸಲು 60 ದಿನ ಕೊಡುತ್ತಾರೆ, ಆಮೇಲಷ್ಟೇ ಮಗು ದತ್ತಿಗೆ ಮುಕ್ತ. ಯಾರಿಗೆ ಹೋಗುತ್ತದೆ ಎಂಬುದನ್ನು ಕೇಂದ್ರದ ಪೋರ್ಟಲ್ಲಿನ ಸರದಿ ನಿರ್ಧರಿಸುತ್ತದೆ, ತಾಯಿಯಲ್ಲ. 2022ರ ಸೆಪ್ಟೆಂಬರ್‌ನಿಂದ ಅಂತಿಮ ಆದೇಶ ಕೊಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಒಪ್ಪಿಸಿದ ಮಗುವನ್ನು ಈ ದಾರಿ ತಪ್ಪಿಸಿ ಕೊಟ್ಟರೂ ಪಡೆದರೂ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 80ರಲ್ಲಿ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಜುನೋಳ ಹಾಗೆ ದಂಪತಿಯ ಸೋಫಾದಲ್ಲಿ ಕೂತು ಜ್ಯೂಸ್ ಕುಡಿಯುವ ಅವಕಾಶ ಇಲ್ಲಿಲ್ಲ.

ಇನ್ನೊಂದು ಹಳೆಯ ದಾರಿ ಇದೆ: 1956ರ ಹಿಂದೂ ದತ್ತಕ ಕಾಯ್ದೆ. ಕೊಡುವವರೂ ಪಡೆಯುವವರೂ ಹಿಂದೂಗಳಾಗಿದ್ದರೆ ನೇರವಾಗಿ ಕೊಡಬಹುದು, ಆದರೆ ದುಡ್ಡಿನ ವ್ಯವಹಾರ ಕೂಡದು. ಮಲೆನಾಡಿನಲ್ಲಿ ಮಕ್ಕಳಿಲ್ಲದ ದೊಡ್ಡಮ್ಮಂದಿರು ಯಾವ ಮನೆಯಲ್ಲಿಲ್ಲ! ನಮ್ಮ ಕಥೆಯ ಎರಡನೇ ಅರ್ಧ ಕಟ್ಟಿಕೊಂಡದ್ದೇ ಹೀಗೆ. ಒಂದು ಕಡೆ ಸಮಿತಿಯ 60 ದಿನ, ಇನ್ನೊಂದು ಕಡೆ ‘ನಮ್ಮನೇಲೆ ಇರ್ಲಿ ಬಿಡು’ ಎಂದು ತೊಟ್ಟಿಲು ಸಮೇತ ಬಂದಿಳಿಯುವ ದೊಡ್ಡಮ್ಮ. ಕಾಯ್ದೆ ಪುಸ್ತಕ ಓದುವಾಗ ನಮಗೆ ಸಿಕ್ಕಷ್ಟು ತಮಾಷೆ ಹರಟೆ ಕಟ್ಟೆಯಲ್ಲಿ ಸಿಗಲಿಲ್ಲ.

ಪಾತ್ರಗಳ ಕೆಲಸವನ್ನೂ ಇದೇ ಜಾಡಿನಲ್ಲಿ ಆರಿಸಿದ್ದು. ಅಮ್ಮ ಆಶಾ ಕಾರ್ಯಕರ್ತೆ. ಊರಿನ ಪ್ರತಿ ಬಸುರಿಯನ್ನೂ 12 ವಾರದೊಳಗೆ ನೋಂದಾಯಿಸುವುದು ಅವಳ ಹೊಣೆ, ರಿಜಿಸ್ಟರಿನಲ್ಲಿ ಒಂದು ಸಾಲು ಖಾಲಿ ಉಳಿದರೆ ಮೇಲಿನವರು ಕೇಳುತ್ತಾರೆ. ಅಪ್ಪ ಕಾಫಿ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವನು. ಆಳಿನ ಹಾಜರಿ, ಕುಯ್ದ ಹಣ್ಣಿನ ಕೆ.ಜಿ., ಮಳೆಯ ಇಂಚು ಸೆಂಟು ಎಲ್ಲವನ್ನೂ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಬರೆದೇ ಬದುಕಿದವನು. ಸುದ್ದಿ ತಿಳಿದ ಮೇಲೆ ಅವನು ಮಗಳೊಡನೆ ಮಾತು ಬಿಡುತ್ತಾನೆ, ಲೆಕ್ಕ ಬಿಡುವುದಿಲ್ಲ. ಹುಡುಗ ಹಾಸನದಲ್ಲಿ ಕಚೇರಿಯೊಂದರ ಎದುರಿನ ಜೆರಾಕ್ಸ್ ಅಂಗಡಿಯವನು. ನಾಯಕಿಯ ಪ್ರತಿ ದಾಖಲೆಯೂ ಮೂರು ಪ್ರತಿ ಬೇಕು, ಹಾಗಾಗಿ ಪ್ರತಿಯೊಂದೂ ಅವನ ಕೈಯಿಂದಲೇ ಹೊರಬರುತ್ತದೆ. ಯಾರೂ ಜೋಕು ಹೇಳುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾರೆ, ಅಷ್ಟೇ. ಬಸುರಿಯನ್ನು ನೋಡಿ ಯಾರೂ ನಗುವುದಿಲ್ಲ; ಬಸುರನ್ನು ಮುಚ್ಚಿಡಲು ಹೊರಟವರನ್ನು ನೋಡಿ ನಗದೆ ಇರಲಾಗುವುದಿಲ್ಲ.

ಇನ್ನು ಪಂಚಾಂಗ. ಅರೇಬಿಕ ಕಾಫಿ ಹೂವು ಕಾಯಿಕಟ್ಟಿ ಹಣ್ಣಾಗಲು ಎಂಟೊಂಬತ್ತು ತಿಂಗಳು. ಈ ಅನುಕೂಲ ಮಿನೆಸೋಟದವರಿಗೆ ಇರಲಿಲ್ಲ. ಕಥೆಯಲ್ಲಿ ನಾಯಕಿಯ ಕೊನೆಯ ಮುಟ್ಟಿನ ಮೊದಲ ದಿನ ಮಾರ್ಚ್ 15 ಎಂದು ಇಟ್ಟುಕೊಂಡೆವು. ವೈದ್ಯರು ವಾರ ಎಣಿಸುವುದು ಆ ದಿನದಿಂದಲೇ, ಗರ್ಭ ನಿಂತ ದಿನದಿಂದಲ್ಲ. ಅಲ್ಲಿಂದ 280 ದಿನ ಎಂದರೆ ಡಿಸೆಂಬರ್ 20: ತೋಟದಲ್ಲಿ ಅರೇಬಿಕ ಕುಯ್ಲಿನ ನಡುಮಧ್ಯ. ಮೇ 17ಕ್ಕೆ 9 ವಾರ, ಅಂದು ಕಿಟ್ ಪರೀಕ್ಷೆ. ಜೂನ್ 7ಕ್ಕೆ 12 ವಾರ, ಅಮ್ಮನ ನೋಂದಣಿಯ ಗಡುವು, ಮುಂಗಾರು ಹೊಸ್ತಿಲಲ್ಲಿ. ಆಗಸ್ಟ್ 2ಕ್ಕೆ 20 ವಾರ. ಅಕ್ಟೋಬರ್ 18ಕ್ಕೆ 31 ವಾರ, ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ಕಾಲ, ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ. ನವೆಂಬರ್ 22ಕ್ಕೆ 36 ವಾರ. ಹೆರಿಗೆಯಾಗಿ ಮಗುವನ್ನು ಸಮಿತಿಗೆ ಒಪ್ಪಿಸಿದ ಮೇಲಿನ 60 ದಿನ ಮುಗಿಯುವುದು ಫೆಬ್ರವರಿ ಕೊನೆಯ ಹೊತ್ತಿಗೆ, ಕಾಫಿ ಹೂವರಳಿಸುವ ಹೂಮಳೆಗೆ ಮತ್ತೆ ಕಾಯುವ ಕಾಲಕ್ಕೆ.

ಒಂದು ವರ್ಷದ ಕಥೆಯನ್ನು ಒಂದು ವರ್ಷ ಚಿತ್ರಿಸುವ ದುಡ್ಡು ಯಾವ ಸ್ವತಂತ್ರ ಚಿತ್ರಕ್ಕೂ ಇರುವುದಿಲ್ಲ. ಎರಡು ಶೆಡ್ಯೂಲ್ ಸಾಕು: ಹೂವಿನದು ಒಂದು, ಹಣ್ಣಿನದು ಒಂದು. ಚಿತ್ರದ ಮೊದಲ ದೃಶ್ಯಗಳೂ ಕೊನೆಯ ದೃಶ್ಯಗಳೂ ಹೂವಿನಲ್ಲೇ ನಡೆಯುವುದರಿಂದ ಎರಡನ್ನೂ ಒಟ್ಟಿಗೆ ತೆಗೆಯಬಹುದು. ಬಟ್ಟೆ, ಜಡೆಯ ಉದ್ದ, ಮುಖದ ಬಣ್ಣ ಬದಲಾದರೆ ಸಾಕು. ತೊಡಕೆಂದರೆ ಕಾಫಿ ಹೂವು ಯಾರ ಡೇಟ್‌ಗೂ ಕಾಯುವುದಿಲ್ಲ. ಒಂದು ಇಂಚಿನ ಆಸುಪಾಸು ಮಳೆ ಬಿದ್ದ ಎಂಟರಿಂದ ಹತ್ತನೇ ದಿನಕ್ಕೆ ಅರಳುತ್ತದೆ, ಮೂರು ನಾಲ್ಕು ದಿನಕ್ಕೆ ಕಂದುತ್ತದೆ. ಹಾಗಾಗಿ ಮಳೆ ನೆಚ್ಚಿಕೊಳ್ಳದೆ ಸ್ಪ್ರಿಂಕ್ಲರ್ ಇರುವ ತೋಟ ಹಿಡಿಯಬೇಕು. ನೀರು ಬಿಟ್ಟ ದಿನ ತಿಳಿದರೆ ಅರಳುವ ದಿನ ಹೆಚ್ಚು ಕಮ್ಮಿ ತಿಳಿದಂತೆಯೇ. ಸ್ಪ್ರಿಂಕ್ಲರ್ ಹೆಚ್ಚಾಗಿ ಇರುವುದು ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಕ್ಕೆ ಎಂಬುದು ಇಲ್ಲಿನ ಬಲೆ. ರೋಬಸ್ಟದ ಎಲೆ ಅಗಲ, ಅದರ ಹಣ್ಣಿಗೆ ಹತ್ತು ಹನ್ನೊಂದು ತಿಂಗಳು ಬೇಕು. ಹೂವು ರೋಬಸ್ಟದ್ದು, ಹಣ್ಣು ಅರೇಬಿಕದ್ದು ಎಂದಾದರೆ ಮೂಡಿಗೆರೆ ಸಕಲೇಶಪುರದ ಪ್ರೇಕ್ಷಕ ಕಥೆ ಬಿಟ್ಟು ಗಿಡ ನೋಡುತ್ತ ಕೂರುತ್ತಾನೆ. ಎರಡೂ ಇರುವ ತೋಟದಲ್ಲಿ ದೂರದ ಚಿತ್ರಿಕೆಗಳನ್ನು (ಶಾಟ್) ಅರೇಬಿಕದ ಪಟ್ಟಿಯಲ್ಲಿ ತೆಗೆದು, ರೋಬಸ್ಟ ಹೂವನ್ನು ಎಲೆ ಕಾಣದ ಹತ್ತಿರದ ಚಿತ್ರಿಕೆಗೆ ಮಾತ್ರ ಬಳಸಿಕೊಂಡೆವು. ಹೂವಿನ ದಿನಗಳಲ್ಲಿ ತೋಟದ ತುಂಬ ಜೇನು. ಸೆಂಟು ಹಚ್ಚಿಕೊಂಡು ಬರಬೇಡಿ ಎಂದು ಕಾಲ್‌ಶೀಟಿನಲ್ಲೇ ಬರೆಯಿರಿ.

ಕತ್ತಲಾದ ಮೇಲೆ ತೋಟದಲ್ಲಿ ಕ್ಯಾಮೆರಾ ಇಡುವ ಯೋಚನೆಯೇ ಬೇಡ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಎಲ್ಲಿದೆ ಎಂಬ ಸಂದೇಶ ನೋಡಿಕೊಂಡೇ ಕೂಲಿಯಾಳುಗಳು ಕೆಲಸಕ್ಕೆ ಬರುವುದು. ರಾತ್ರಿಯ ಹೊರಾಂಗಣವನ್ನೆಲ್ಲ ಹಾಸನ ಪೇಟೆಗೆ ಬರೆದುಕೊಂಡೆವು.

ಈಗ ಹೊಟ್ಟೆ. ಇಂಥ ಚಿತ್ರದಲ್ಲಿ ಅತಿ ಹೆಚ್ಚು ಕೆಡುವ ವಸ್ತು ಇದು, ಏಕೆಂದರೆ ಪ್ರೇಕ್ಷಕರಲ್ಲಿ ಅರ್ಧದಷ್ಟು ಜನರಿಗೆ ಇದರ ಅನುಭವ ಇದೆ.

ದೇಹದ ಲೆಕ್ಕ ಹೀಗೆ. ಚೊಚ್ಚಲ ಬಸುರಿಗೆ ಮೊದಲ ನಾಲ್ಕು ತಿಂಗಳು ಸಾಮಾನ್ಯವಾಗಿ ಹೊರಗೆ ಏನೂ ಕಾಣುವುದಿಲ್ಲ. 20 ವಾರಕ್ಕೆ ಗರ್ಭಕೋಶದ ಮೇಲಂಚು ಹೊಕ್ಕುಳ ಮುಟ್ಟುತ್ತದೆ, 36ಕ್ಕೆ ಎದೆಗೂಡಿನ ಕೆಳಗೆ ಬರುತ್ತದೆ. 20 ವಾರದ ನಂತರ ಕೆಳಮೂಳೆಯಿಂದ ಮೇಲಂಚಿನವರೆಗಿನ ಸೆಂಟಿಮೀಟರ್ ಸರಿಸುಮಾರು ವಾರದ ಸಂಖ್ಯೆಯೇ. ಕೊನೆಯ ವಾರಗಳಲ್ಲಿ ಮಗು ಕೆಳಗಿಳಿದು ಹೊಟ್ಟೆಯ ಆಕಾರ ಜಗ್ಗುತ್ತದೆ. ಮಗು ಒದೆಯುವುದು ಚೊಚ್ಚಲಿನಲ್ಲಿ ತಿಳಿಯುವುದು 18ರಿಂದ 20 ವಾರದ ಹೊತ್ತಿಗೆ. ಮೂರನೇ ತಿಂಗಳಲ್ಲೇ ಸೊಂಟಕ್ಕೆ ಕೈ ಕೊಟ್ಟು ನಡೆಯುವ ನಾಯಕಿಯರನ್ನು ನೋಡಿ ನೋಡಿ ನಟಿಯರಿಗೂ ಅದೇ ಅಭ್ಯಾಸವಾಗಿದೆ, ಅದನ್ನು ಮೊದಲು ಬಿಡಿಸಬೇಕು. ಚೂಡಿದಾರ ವೇಲು ಇದ್ದರೆ ಆರನೇ ತಿಂಗಳವರೆಗೂ ಕಾಲೇಜಿನಲ್ಲಿ ಗುಟ್ಟು ನಿಲ್ಲುತ್ತದೆ ಎಂಬುದು ಕಥೆಗೂ ಅನುಕೂಲ.

ನಾಲ್ಕು ಹೊಟ್ಟೆ ಮಾಡಿಸಿದೆವು. ಒಂದನೆಯದು 18ರಿಂದ 22 ವಾರಕ್ಕೆ, 400 ಗ್ರಾಂ. ಎರಡನೆಯದು 24ರಿಂದ 28ಕ್ಕೆ, ಒಂದು ಕೆ.ಜಿ. ಮೂರನೆಯದು 30ರಿಂದ 34ಕ್ಕೆ, ಎರಡು ಕೆ.ಜಿ. ನಾಲ್ಕನೆಯದು ದಿನ ತುಂಬಿದ್ದು, ಮೂರೂವರೆ ಕೆ.ಜಿ. ಸಿಲಿಕಾನ್ ಹೊಟ್ಟೆ ನೋಡಲು ಚೆಂದ, ಬರಿಮೈ ತೋರಿಸುವ ಚಿತ್ರಿಕೆ ಇಲ್ಲದ ಮೇಲೆ ಅಷ್ಟು ಖರ್ಚು ದಂಡ. ನಮ್ಮವು ಫೋಮಿನವು. ಮಾಡಿಸಲು ತಕ್ಕ ಜನ ಮೇಕಪ್‌ನವರಲ್ಲ, ಕಾರಿಗೆ ಸೀಟು ಹೊಲಿಯುವವರು. ಫೋಮನ್ನು ಕತ್ತರಿಸಿ ಗುಂಡಗೆ ತರುವ ಕೈಚಳಕ ಅವರದು. ಒಂದು ಇಂಚಿನ ಹಾಳೆಗಳನ್ನು ಗಾತ್ರ ಇಳಿಸುತ್ತ ಒಂದರ ಮೇಲೊಂದು ಅಂಟಿಸಿ, ಗೋಂದು ಒಣಗಿದ ಮೇಲೆ ಬ್ಲೇಡಿನಿಂದ ಅಂಚು ಸವರಿ, ಉಪ್ಪುಕಾಗದ ಉಜ್ಜಿ, ಮೇಲೆ ಹೊಸೈರಿ ಬಟ್ಟೆ ಎಳೆದು ಹೊಲಿಯುತ್ತಾರೆ.

ಒಳತಿರುಳು ಗಟ್ಟಿ ಇರಲೇಬೇಕು, ಕನಿಷ್ಠ 40 ಡೆನ್ಸಿಟಿ. ಮೆತ್ತನೆಯ ಫೋಮು ನಿಂತಾಗ ಸರಿ ಕಾಣುತ್ತದೆ, ಕೂತ ತಕ್ಷಣ ದಿಂಬಿನ ಹಾಗೆ ಮಡಚಿಕೊಳ್ಳುತ್ತದೆ. ನಿಜವಾದ ಹೊಟ್ಟೆ ಮಡಚಿಕೊಳ್ಳುವುದಿಲ್ಲ, ಕೂತವಳೇ ಕಾಲು ಅಗಲಿಸಿ ಜಾಗ ಮಾಡಿಕೊಡಬೇಕು. ಸೊಂಟಕ್ಕೆ ಬೆಲ್ಟು ಕಟ್ಟಿದರೆ ಮೆಟ್ಟಿಲು ಹತ್ತುವಾಗ ಜಾರುತ್ತದೆ. ಭುಜದ ಪಟ್ಟಿ ಇರುವ ಒಳ ಅಂಗಿಗೆ ಸೇರಿಸಿ ಹೊಲಿಸಿ, ಭಾರ ಭುಜಕ್ಕೆ ಹೋಗಲಿ. ಹಿಂದೆ ಹುಕ್ಕು ಹಾಕಿಸಿ, ವೆಲ್ಕ್ರೋ ಬೇಡ: ಪ್ರತಿ ಬಾಗುವಿಕೆಗೂ ಚರ್ ಎನ್ನುತ್ತದೆ. ತೂಕಕ್ಕೆ ರಾಗಿ ತುಂಬಿದ ಚೀಲ ಎಲ್ಲರಿಗೂ ಹೊಳೆಯುವ ಉಪಾಯ. ನಟಿ ಅಲುಗಾಡಿದಾಗಲೆಲ್ಲ ರಾಗಿ ಸರಿದಾಡುವ ಸದ್ದು ಕಾಲರ್ ಮೈಕಿಗೆ ಸೇರುತ್ತದೆ, ಆಮೇಲೆ ಯಾವ ಇಂಜಿನಿಯರೂ ಅದನ್ನು ತೆಗೆಯಲಾರ. ತೂಕಕ್ಕೆ ದಪ್ಪ ರಬ್ಬರ್ ಮ್ಯಾಟಿನ ತುಂಡುಗಳನ್ನು ಫೋಮಿನ ನಡುವೆ, ಕೆಳಭಾಗಕ್ಕೆ ಹತ್ತಿರ ಅಂಟಿಸಬೇಕು. ತೂಕವೇ ಇಲ್ಲದ ಹೊಟ್ಟೆ ಕಟ್ಟಿದರೆ ನಡಿಗೆ ನಟನೆಯಾಗುತ್ತದೆ, ಮೂರೂವರೆ ಕೆ.ಜಿ. ಕಟ್ಟಿದರೆ ಬೆನ್ನು ತಾನಾಗಿ ಹಿಂದಕ್ಕೆ ಹೋಗುತ್ತದೆ. ಶೂಟಿಂಗಿನ ಹಿಂದಿನ ದಿನ ನಟಿ ಅದನ್ನು ಕಟ್ಟಿಕೊಂಡೇ ಮನೆಯಲ್ಲಿ ಓಡಾಡಲಿ. ಬಾಗಿಲಿಗೆ, ಅಡುಗೆ ಕಟ್ಟೆಗೆ ತಾಗಿಸಿಕೊಂಡರೆ ದೂರ ಅಂದಾಜಿಗೆ ಸಿಗುತ್ತದೆ. ಸುಮಾರು 30 ವಾರದ ನಂತರ ತೆಳು ಬಟ್ಟೆಯಡಿ ಹೊಕ್ಕುಳ ಉಬ್ಬಿ ಕಾಣುವುದುಂಟು, ಅದಕ್ಕೊಂದು ಅಂಗಿ ಗುಂಡಿ ಸಾಕು.

ಮಳೆ ದೃಶ್ಯಕ್ಕೆ ಈ ಯಾವ ಹೊಟ್ಟೆಯೂ ಆಗುವುದಿಲ್ಲ. ಫೋಮು ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಸರಸರ ಸದ್ದು. ಯೋಗ ಮ್ಯಾಟಿನ ಬಗೆಯ, ನೀರು ಹೀರದ ಹಾಳೆಯಲ್ಲಿ ಇನ್ನೊಂದನ್ನು ಮಾಡಿಸಬೇಕು. ಹಾಗೆ ನೋಡಿದರೆ ನಾಲ್ಕಲ್ಲ, ಐದು ಹೊಟ್ಟೆ. ಹೊರಕವಚ ಜೊತೆಗೆ ಎರಡಿರಲಿ, ಬೆವರಿಗೆ ನಿತ್ಯ ಒಗೆಯಬೇಕು. ಮಳೆಗಾಲದಲ್ಲೇ ಚಿತ್ರಿಸಲು ಹೊರಟವರಿಗೆ, ಮಲೆನಾಡಿನ ಜೂನ್ ಜುಲೈಯಲ್ಲಿ ಏನೂ ಒಣಗುವುದಿಲ್ಲ ಎಂಬುದನ್ನು ಹೇಳಿಕೊಡಬೇಕಿಲ್ಲ.

ಎರಡೇ ಶೆಡ್ಯೂಲಿನಲ್ಲಿ ವಾರಗಳೆಲ್ಲ ಕಲಸಿಹೋಗುತ್ತವೆ: ಬೆಳಿಗ್ಗೆ 36, ಮಧ್ಯಾಹ್ನ 9, ಸಂಜೆ 24. ಆದ್ದರಿಂದ ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ ನೋಡಿಕೊಳ್ಳುವ ಕಂಟಿನ್ಯೂಟಿಯವರ ಕೈಯಲ್ಲಿ ಒಂದೇ ಹಾಳೆ ಇರಬೇಕು: ದೃಶ್ಯದ ಸಂಖ್ಯೆ, ಕಥೆಯ ತಾರೀಖು, ವಾರ, ಹೊಟ್ಟೆಯ ಸಂಖ್ಯೆ, ಬಟ್ಟೆ, ಮುಖದ ಬಂಗು ಎಷ್ಟು, ತಾಯಿ ಕಾರ್ಡಿನಲ್ಲಿ ಎಷ್ಟು ಸಾಲು ತುಂಬಿದೆ. ತಾಯಿ ಕಾರ್ಡು ಮರೆಯುವ ವಸ್ತು. ನೋಂದಣಿಯಿಂದ ಹೆರಿಗೆಯವರೆಗೆ ಪ್ರತಿ ತಪಾಸಣೆಯ ತೂಕ, ಬಿ.ಪಿ., ಹಿಮೋಗ್ಲೋಬಿನ್ ಅದರಲ್ಲಿ ಬರೆದಿರುತ್ತಾರೆ, ಹಾಗಾಗಿ ಹಂತಕ್ಕೊಂದರಂತೆ ನಾಲ್ಕು ಪ್ರತಿ ಸಿದ್ಧ ಇರಲಿ. ಗಂಡನ ಹೆಸರಿನ ಖಾನೆಯಲ್ಲಿ ಅಮ್ಮ ಪೆನ್ನು ಇಟ್ಟು ನಿಲ್ಲಿಸುವ ಚಿತ್ರಿಕೆ ನಮ್ಮ ಚಿತ್ರದ ಅತಿ ಉದ್ದನೆಯ ಮೌನ. ಅದರ ಮುಂದಿನ ಚಿತ್ರಿಕೆಗೆ ಜನ ಬಿದ್ದು ಬಿದ್ದು ನಗುತ್ತಾರೆ, ಅದನ್ನು ಇಲ್ಲಿ ಹೇಳಿ ಕೆಡಿಸುವುದಿಲ್ಲ.

ಕಿಟ್ ಸುಲಭ. ಔಷಧಿ ಅಂಗಡಿಯ ಐವತ್ತು ರೂಪಾಯಿ ಆಸುಪಾಸಿನ ಕಿಟ್ಟನ್ನೇ ಹತ್ತು ಹನ್ನೆರಡು ತಂದಿಟ್ಟುಕೊಳ್ಳಿ. ನೀರು ಹಾಕಿದರೂ ಒಂದು ಗೆರೆ ಬರುತ್ತದೆ, ಅದು ಕಿಟ್ ಕೆಲಸ ಮಾಡುತ್ತಿದೆ ಎಂಬ ಗೆರೆ. ಎರಡನೆಯದನ್ನು ನೀರು ಬೆರೆಸಿ ತೆಳುಮಾಡಿದ ಗುಲಾಬಿ ಶಾಯಿಯಿಂದ ಸಣ್ಣ ಕುಂಚದಲ್ಲಿ ಎಳೆಯಬಹುದು. ಐದು ನಿಮಿಷ ಕಾಯುವ ಹೊತ್ತನ್ನು ಕತ್ತರಿಸದೆ ಕಥೆಗೆ ದುಡಿಸಿಕೊಳ್ಳುವುದು ಮೇಲು. ಹಾಸ್ಯ ಇರುವುದು ಕೊಳ್ಳುವಲ್ಲಿ: ಅಪ್ಪನ ಪರಿಚಯದವನ ಅಂಗಡಿ ತಪ್ಪಿಸಿ ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿ.ಮೀ. ಬಸ್ಸಿನಲ್ಲಿ ಹೋದರೆ, ಅಲ್ಲಿ ಕೌಂಟರಿನಲ್ಲಿ ಟ್ರೇನಿಯಾಗಿ ನಿಂತಿರುವವಳು ಪಕ್ಕದ ಮನೆಯವಳು.

ಸ್ಕ್ಯಾನಿಂಗ್ ಕೊಠಡಿ ಮಾತ್ರ ಹುಷಾರಾಗಿ ಕೈಹಾಕಬೇಕಾದ ಜಾಗ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ಆ ಜಾಗಕ್ಕೇ ನೋಂದಣಿಯಾಗಿರುತ್ತದೆ, ಪ್ರತಿ ಬಸುರಿಯ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು. ಯಂತ್ರವನ್ನು ಸೆಟ್ಟಿಗೆ ಬಾಡಿಗೆಗೆ ತರುವಂತಿಲ್ಲ, ಬಸುರಿಯಲ್ಲದ ನಟಿಯನ್ನು ಬಸುರಿ ಎಂದು ದಾಖಲಿಸುವಂತೆಯೂ ಇಲ್ಲ, ಖಾಲಿ ಬಿಡುವಂತೆಯೂ ಇಲ್ಲ. ನೋಂದಾಯಿತ ಕೇಂದ್ರದಲ್ಲಿ ಭಾನುವಾರ, ಯಂತ್ರದ ವಿದ್ಯುತ್ ಕಿತ್ತಿಟ್ಟು, ಅದರ ಪರದೆಯ ಮುಂದೆ ನಮ್ಮದೊಂದು ಮಾನಿಟರ್ ಇಟ್ಟು, ಅನುಮತಿ ಪಡೆದ ಹಳೆಯ ದೃಶ್ಯ ಓಡಿಸುವುದು ಸುರಕ್ಷಿತ ದಾರಿ. ಆ ದೃಶ್ಯದಲ್ಲಿ ಹೆಸರು, ದಿನಾಂಕ ಅಳಿಸಿರಬೇಕು, ಮೂಲೆಯ ವಾರದ ಅಂಕಿ ಕಥೆಗೆ ಹೊಂದಬೇಕು. 20 ವಾರದ ದೃಶ್ಯಕ್ಕೆ 12 ವಾರದ ಭ್ರೂಣ ತೋರಿಸಿದರೆ ಯಾವ ನರ್ಸೂ ಕ್ಷಮಿಸುವುದಿಲ್ಲ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಫ್ರೇಮಿನಲ್ಲಿರಲಿ. ‘ಗಂಡೋ ಹೆಣ್ಣೋ’ ಎಂದು ದೊಡ್ಡಮ್ಮ ಡಾಕ್ಟರನ್ನು ಕೇಳುವ ಮಾತು ನಮ್ಮ ಕರಡಿನಲ್ಲಿತ್ತು. ಆ ಫಲಕದ ಮುಂದೆ ಅವಳು ಬಾಯಿ ತೆರೆದು, ಓದಿ, ಬಾಯಿ ಮುಚ್ಚುವುದು ಅದಕ್ಕಿಂತ ಚೆನ್ನಾಗಿ ಬಂತು.

ಸದ್ದಿನ ವಿಷಯ. ವೇಗದ ಮಾತಿನ ಹಾಸ್ಯಕ್ಕೆ ಡಬ್ಬಿಂಗ್ ವಿಷ. ಉಸಿರು, ತೊದಲು, ಒಬ್ಬರ ಮಾತಿನ ಬಾಲ ಇನ್ನೊಬ್ಬರು ತುಳಿಯುವುದು, ಯಾವುದೂ ಸ್ಟುಡಿಯೋದಲ್ಲಿ ಮತ್ತೆ ಹುಟ್ಟುವುದಿಲ್ಲ. ಆದರೆ ತೋಟ ಎಂದರೆ ನಿಶ್ಶಬ್ದ ಎಂಬುದು ಬೆಂಗಳೂರಿನವರ ಭ್ರಮೆ. ಮಾರ್ಚಿನಲ್ಲಿ ನೀರಾವರಿಯ ಡೀಸೆಲ್ ಪಂಪು, ಮಳೆಗೆ ಮುಂಚೆ ಜೀರುಂಡೆ, ಮಳೆಗಾಲದಲ್ಲಿ ಕಳೆ ಹೊಡೆಯುವ ಯಂತ್ರ, ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ರೈಟರನ ಮನೆಯ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವನ ಮಾತೂ ಕೇಳದು. ಹಾಗಾಗಿ ಮುಂಗಾರಿನ ಮಾತಿನ ದೃಶ್ಯಗಳನ್ನೆಲ್ಲ ಹಾಸನದ ಆರ್‌ಸಿಸಿ ಮನೆಗೆ ಸಾಗಿಸಬೇಕು, ಇಲ್ಲವೇ ಮಾತೇ ಇಲ್ಲದಂತೆ ಬರೆಯಬೇಕು. ಇನ್ನೊಂದು ವಿಚಿತ್ರ: ಧೋ ಎಂದು ಸುರಿಯುವ ನಿಜವಾದ ಮಳೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ, ಹನಿಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ. ಆಗಸ್ಟಿನ ಸಕಲೇಶಪುರದಲ್ಲೂ ಟ್ಯಾಂಕರ್ ಪೈಪಿನಿಂದ ಮಳೆ ಸುರಿಸುವುದನ್ನು ಕಂಡ ಊರವರು ಏನೆಂದುಕೊಂಡಾರು ಎಂದು ಚಿಂತಿಸುವುದು ಬಿಡಬೇಕು. ಪ್ರತಿ ಜಾಗದಲ್ಲೂ ಒಂದು ನಿಮಿಷ ಬರಿಯ ಮೌನ ಧ್ವನಿಮುದ್ರಿಸಿ; ಅದಿಲ್ಲದೆ ಸಂಕಲನದಲ್ಲಿ ತೇಪೆ ಹಾಕಲು ಬಟ್ಟೆ ಇರುವುದಿಲ್ಲ.

ಹೆರಿಗೆಗೆ ಬಳಕೆಯಲ್ಲಿಲ್ಲದ ವಾರ್ಡು ಸಿಕ್ಕರೆ ಸಾಕು, ನಡೆಯುತ್ತಿರುವ ಹೆರಿಗೆ ಕೋಣೆಯತ್ತ ಕ್ಯಾಮೆರಾ ತಿರುಗಿಸುವ ಹಕ್ಕು ಯಾರಿಗೂ ಇಲ್ಲ. ಎಳೆಗೂಸಿಗೆ ಬದಲು ಸಿಲಿಕಾನ್ ಬೊಂಬೆ ಒಳ್ಳೆಯದು, ಎರಡು ಮುಕ್ಕಾಲು ಕೆ.ಜಿ. ತೂಗುವಂಥದ್ದು. ಹಗುರ ಬೊಂಬೆಯನ್ನು ಎತ್ತಿದ ಕೈ ಎತ್ತರಕ್ಕೆ ಹಾರುತ್ತದೆ, ಕತ್ತಿನಡಿ ಅಂಗೈ ಕೊಡುವುದನ್ನೂ ಮರೆಯುತ್ತದೆ. ನಿಜವಾದ ಮಗುವೇ ಬೇಕಾದ ಕೊನೆಯ ದೃಶ್ಯಗಳಿಗೆ ಬಾಲಕಾರ್ಮಿಕ ನಿಯಮ ಅನ್ವಯ: ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ, ಫಾರಂ ಸಿಯಲ್ಲಿ ಮುಚ್ಚಳಿಕೆ, ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಸತತ ಮೂರು ಗಂಟೆ ದಾಟುವಂತಿಲ್ಲ, ಸಂಭಾವನೆಯ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. ಇದೆಲ್ಲ ಗರಿಷ್ಠ ಮಿತಿ. ಕೂಸು ಎದ್ದಿರುವ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುವಂತೆ ಬೆಳಕನ್ನು ಬೊಂಬೆಯ ಮೇಲೆ ಮೊದಲೇ ಹೊಂದಿಸಿಟ್ಟಿರಬೇಕು.

ಸೆನ್ಸಾರಿಗೆ ಹೋಗುವ ಮುಂಚೆ ಎರಡು ಸಣ್ಣ ವಿಷಯ. ರೈಟರನ ನಾಯಿ ಕಥೆಯಲ್ಲಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮೊದಲೇ ಬೇಕು, ಆಮೇಲೆ ಕೇಳಿದರೆ ನಾಯಿಯನ್ನು ಕತ್ತರಿಸಬೇಕಾಗುತ್ತದೆ, ಸಂಕಲನದಲ್ಲಿ. ಅಪ್ಪನ ಬಾಯಿಗೆ ಬೀಡಿ ಕೊಟ್ಟರೆ ಆ ಹೊತ್ತೆಲ್ಲ ಪರದೆಯ ಕೆಳಗೆ ಎಚ್ಚರಿಕೆಯ ಸಾಲು, ಜೊತೆಗೆ ಆರಂಭದಲ್ಲೂ ಮಧ್ಯಂತರದ ಬಳಿಯೂ ತಂಬಾಕು ವಿರೋಧಿ ತುಣುಕು. ಮಗಳೊಡನೆ ಮೊದಲ ಸಲ ಮಾತಾಡುವ ದೃಶ್ಯದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಅವನ ಕೈಗೆ ಬರಿ ಎಲೆ ಅಡಿಕೆ ಕೊಟ್ಟೆವು. 2023ರ ತಿದ್ದುಪಡಿಯ ನಂತರ ಯು/ಎ ಪ್ರಮಾಣಪತ್ರ (ಚಿಕ್ಕವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) ವಯಸ್ಸಿನ ಲೆಕ್ಕದಲ್ಲಿ 7, 13, 16 ಎಂದು ಮೂರಾಗಿದೆ. ಈ ವಸ್ತುವಿಗೆ 16+ ನಿರೀಕ್ಷಿಸಿಯೇ ಮಾತು ಬರೆಯುವುದು ಜಾಣತನ. ಗರ್ಭಪಾತ, ದತ್ತು ಕುರಿತ ಮಾತು ಕಾನೂನಿಗೆ ಸರಿಯಿದ್ದರೆ ತಕರಾರಿಗೆ ಜಾಗ ಕಡಿಮೆ.

ಕೊನೆಯದಾಗಿ ಸಂಕಲನ. ಒಬ್ಬರೇ ಕೂತು ನೋಡಿದಾಗ ಸರಿಯಾಗಿದ್ದ ಲಯ ನೂರು ಜನರ ನಡುವೆ ಕೆಡುತ್ತದೆ: ಒಂದು ಮಾತಿಗೆ ಎದ್ದ ನಗು ಮುಂದಿನ ಮಾತನ್ನು ನುಂಗುತ್ತದೆ. ಪರಿಚಯವಿಲ್ಲದವರನ್ನು ಕೂರಿಸಿ, ಸಭಾಂಗಣದ ಸದ್ದನ್ನು ಚಿತ್ರದ ಸಮಯದೊಡನೆ ಮುದ್ರಿಸಿಕೊಂಡು, ಆಮೇಲೆ ಎರಡನ್ನೂ ಟೈಮ್‌ಲೈನಿನಲ್ಲಿ ಒಂದರ ಕೆಳಗೊಂದು ಇಡಬೇಕು. ನಗು ಎಲ್ಲಿ ಎದ್ದು ಎಲ್ಲಿ ಇಳಿಯಿತು ಎಂಬುದು ಅಲೆಯಾಗಿ ಕಾಣುತ್ತದೆ. ನುಂಗಿದ ಕಡೆ ಕೇಳುಗನ ಮುಖದ ಚಿತ್ರಿಕೆಯನ್ನು ಒಂದು ಸೆಕೆಂಡು, ಒಂದೂವರೆ ಸೆಕೆಂಡು ಉದ್ದ ಮಾಡಿದರೆ ಸಾಕು. ಅದಕ್ಕಾಗಿಯೇ ಪ್ರತಿ ದೃಶ್ಯದಲ್ಲೂ ಸುಮ್ಮನೆ ಕೇಳಿಸಿಕೊಳ್ಳುತ್ತಿರುವ ಮುಖವನ್ನು ಅರ್ಧ ನಿಮಿಷ ತೆಗೆದಿಟ್ಟುಕೊಂಡಿರಬೇಕು. ನಮ್ಮಲ್ಲಿ ಅತಿ ಹೆಚ್ಚು ಬಳಕೆಗೆ ಬಂದದ್ದು ರೈಟರನ ಮುಖ, ಚೆಕ್‌ರೋಲಿನ ಮೇಲೆ ಬಾಗಿದ್ದು. ಹಾಸನದಲ್ಲಿ ನಕ್ಕ ಕಡೆಗಳಲ್ಲೇ ಬೆಂಗಳೂರಿನವರು ನಗಲಿಲ್ಲ. ಚೆಕ್‌ರೋಲ್ ಎಂದರೇನೆಂದು ತಿಳಿಯದವರಿಗೆ ಮೊದಲ ರೀಲಿನಲ್ಲಿ ಹಾಜರಿ ಕೂಗುವ ಇಪ್ಪತ್ತು ಸೆಕೆಂಡಿನ ದೃಶ್ಯವೊಂದನ್ನು ಸೇರಿಸಿದ ಮೇಲೆ ಎರಡೂ ಊರಿನ ಅಲೆಗಳು ಬಹುಮಟ್ಟಿಗೆ ಕೂಡಿಕೊಂಡವು. ಸಕಲೇಶಪುರದವರಿಗೆ ಆ ದೃಶ್ಯ ಬೇಸರ ತರಿಸುತ್ತದೆ, ಇಪ್ಪತ್ತು ಸೆಕೆಂಡು ತಾಳಿಕೊಳ್ಳಬೇಕು.